ಹಳೆಯ ಇಳಕಲ್ಲ ಸೀರೆ ಮತ್ತು ಮನೆಯ ಅಲಂಕಾರ



ನಮ್ಮಲ್ಲಿ ಅನೇಕರ ಮನೆಯ ಪೆಟ್ಟಿಗೆಯ ತಳದಲ್ಲಿ ಉಡುವುದಕ್ಕೂ ಆಗದ, ಬಿಸುಡುವುದಕ್ಕೂ ಮನಸ್ಸು ಬಾರದ ಸೀರೆಗಳು ಒಂದೆರಡಾದರೂ ಇರುತ್ತವೆ. ತಾಯಿಯೋ ಅತ್ತೆಯೋ ಉಟ್ಟು ಬಿಟ್ಟವು. ಕಡೆಗೊಂದು ದಿನ ಅವು ಪಾತ್ರೆ ಮಾರುವವಳ ಬುಟ್ಟಿಯನ್ನು ಸೇರುತ್ತವೆ. ಬದಲಿಗೆ ಸ್ಟೀಲಿನ ಡಬರಿಯೊಂದು ಮನೆಗೆ ಬರುತ್ತದೆ. ಈ ವಿನಿಮಯದಲ್ಲಿ ನಾವು ಏನನ್ನು ಕೊಟ್ಟುಬಿಟ್ಟೆವೆಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ. ದೃಷ್ಟಾಂತಕ್ಕೆ ಬಾಗಲಕೋಟೆಯ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ಇಳಕಲ್ಲು ಹಿಂದೆ ಹುನಗುಂದ ತಾಲೂಕಿಗೆ ಸೇರಿದ್ದ ನೇಕಾರರ ಊರು. ಅಲ್ಲಿಯ ಸಾಂಪ್ರದಾಯಿಕ ಸೀರೆಯ ಒಡಲು ಬಹುಮಟ್ಟಿಗೆ ಹತ್ತಿಯ ನೂಲಿನದು. ಸೆರಗು, ಅಂಚುಗಳು ರೇಷ್ಮೆಯವು ಇಲ್ಲವೆ ಕೃತಕ ರೇಷ್ಮೆಯವು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿ, ಕೆಂಪು ನೆಲದ ಮೇಲೆ ಬಿಳಿಯ ಚಿತ್ರಗಳು ಮೂಡುವಂತೆ ಸೆರಗನ್ನು ನೇಯುತ್ತಾರೆ. ಒಂದೇ ವಸ್ತ್ರದಲ್ಲಿ ಎರಡು ಬಗೆಯ ನೂಲು ಸೇರಿರುವುದರಿಂದ ಅದು ಒಂದೇ ಸಮನಾಗಿ ಸವೆಯುವುದಿಲ್ಲ. ಕುಳಿತು ಏಳುವ ಕಡೆ ಒಡಲು ಜಾಳಾದ ಮೇಲೂ ಸೆರಗು ಗಟ್ಟಿಯಾಗಿ ಉಳಿದಿರುವುದುಂಟು. ಕೆಲವೊಮ್ಮೆ ಇದಕ್ಕೆ ವ್ಯತಿರಿಕ್ತವಾಗಿ, ಬಹುಕಾಲ ಮಡಿಸಿಟ್ಟ ರೇಷ್ಮೆಯೇ ಮಡಿಕೆಯಲ್ಲಿ ಸೀಳಿರುತ್ತದೆ. ಆದುದರಿಂದ ‘ಹಳೆಯ ಸೀರೆ’ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸದೆ, ಅದನ್ನು ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ ಎಂಬುದನ್ನು ಮೊದಲು ನೋಡತಕ್ಕದ್ದು.

ಈ ವಿವೇಕವನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕೌದಿಯ ಮೂಲಕ ಎಂದೋ ಕಂಡುಕೊಂಡಿದ್ದಾರೆ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲುಸಾಲಾಗಿ ದಾರ ಓಡಿಸಿದರೆ ಕೌದಿಯಾಯಿತು. ಸವೆದದ್ದು ಒಳಗೆ ಹೋಗುತ್ತದೆ. ಗಟ್ಟಿಯಾದದ್ದು, ಅಂದವಾದದ್ದು ಮೇಲೆ ಬರುತ್ತದೆ. ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ಚೂರಿಗೂ ಅಲ್ಲಿ ಸ್ಥಾನವುಂಟು. ಅನೇಕ ಸಲ ಒಗೆದ ಹತ್ತಿಯ ಬಟ್ಟೆಯ ಮೃದುತ್ವ ಹೊಸ ಬಟ್ಟೆಗೆ ಬಾರದು; ಎಂದೇ ಹಸುಗೂಸಿಗೆ ಕೌದಿ ಹಿತವಾಗಿರುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಬಂಗಾಳದ ಹಳ್ಳಿಗರೂ ಇಂಥದೇ ಹೊದಿಕೆಗಳನ್ನು ಹೊಲಿಯುತ್ತಾರೆ. ಬಂಗಾಳದಲ್ಲಿ ಅದಕ್ಕೆ ‘ಕಾಂಥಾ’ ಎಂದು ಹೆಸರು. ಚಿಂದಿಯ ಹೊದಿಕೆಗೆ ಸಂಸ್ಕೃತದಲ್ಲಿ ‘ಕಂಥಾ’ ಎಂಬ ಶಬ್ದವಿರುವುದನ್ನು ಇಲ್ಲಿ ಸ್ಮರಿಸಬಹುದು.

ಪಟ್ಟಣದ ಮನೆಗೆ ದೊಡ್ಡ ಕೌದಿ ಬೇಡವಾಗಬಹುದು. ಆದರೆ ಕ್ರಮ ಅದೇ. ಗಟ್ಟಿಯಾದ ಸೆರಗನ್ನು ಕತ್ತರಿಸದೆ, ಹಿಂಬದಿಗೆ ಹತ್ತಿಯ ಬಟ್ಟೆಯ ಆಸರೆ ಕೊಟ್ಟು, ಮೇಲಂಚಿನಲ್ಲಿ ಕೋಲು ತೂರುವಷ್ಟು ಮಡಿಸಿ ಹೊಲಿದರೆ ಗೋಡೆಗೆ ತೂಗುವ ಅಲಂಕಾರವಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ, ಬಣ್ಣ ಮಾಸುತ್ತದೆ. ಅಂಚುಗಳನ್ನು ಬಿಡಿಸಿ ಸಾದಾ ಪರದೆಗೆ ಕಟ್ಟಬಹುದು. ಜಾಳಾದ ಒಡಲನ್ನು ನಾಲ್ಕೈದು ಪದರ ಮಾಡಿ ಹೊಲಿದರೆ ಕೂರುವ ಆಸನವಾಗುತ್ತದೆ. ಕಸೂತಿಯಿರುವ ಭಾಗ ಸಿಕ್ಕಿದರೆ ಅದನ್ನು ಚೂರು ಮಾಡಬಾರದು. ಸುತ್ತ ಬಟ್ಟೆ ಬಿಟ್ಟು ಇಡಿಯಾಗಿ ತೆಗೆದು ಕಟ್ಟು ಹಾಕಿಸುವುದು ಉತ್ತಮ.

ಒಂದು ಎಚ್ಚರಿಕೆಯನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ. ನಾವೊಮ್ಮೆ ಕೆಂಪು ಸೆರಗಿನ ತುಂಡನ್ನು ಬಿಳಿಯ ಬಟ್ಟೆಗೆ ಕೂಡಿಸಿ ದಿಂಬಿನ ಗೌಸು ಹೊಲಿದೆವು. ಮೊದಲ ಒಗೆತದಲ್ಲಿಯೇ ಬಿಳುಪೆಲ್ಲ ನಸುಗೆಂಪಾಗಿ, ಮೂರು ದಿನದ ಕೆಲಸ ವ್ಯರ್ಥವಾಯಿತು. ಹೊಲಿಯುವ ಮುನ್ನ ಒದ್ದೆಯಾದ ಬಿಳಿಯ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ ನೋಡಿದ್ದರೆ ಇದು ತಪ್ಪುತ್ತಿತ್ತು. ಬಣ್ಣ ಅಂಟಿದರೆ ಅಂಥ ತುಂಡನ್ನು ಒಗೆಯಬೇಕಾಗದ ಕಡೆಗೆ ಬಳಸುವುದು ಕ್ಷೇಮ.

ಇನ್ನೆರಡು ಮಾತುಗಳು. ಅಲಂಕಾರದ ಆಸೆಗೆ ಉಡಲು ಯೋಗ್ಯವಾದ ಸೀರೆಯನ್ನು ಕತ್ತರಿಸುವುದು ಮಿತವ್ಯಯವಲ್ಲ, ಅದು ದುಂದು. ಉಡುವವರು ಮನೆಯಲ್ಲಿದ್ದರೆ ಮೊದಲ ಹಕ್ಕು ಅವರದು. ಎರಡನೆಯದಾಗಿ, ಸ್ವತಃ ಹೊಲಿಯಲಾರದವರು ಕೌದಿ ಹೊಲಿಯುವ ಹೆಂಗಸರಿಗೆ ಕೆಲಸ ಒಪ್ಪಿಸುತ್ತಾರೆ. ಆಗ ‘ಹಳೆಯ ಚಿಂದಿಗೆ ಇಷ್ಟು ಹಣವೇ?’ ಎಂದು ಚೌಕಾಶಿ ಮಾಡುವುದನ್ನು ನಾವು ಕೇಳಿದ್ದೇವೆ. ಚಿಂದಿಗೆ ಬೆಲೆಯಿಲ್ಲದಿರಬಹುದು. ಆದರೆ ಒಂದು ದೊಡ್ಡ ಕೌದಿಗೆ ಸಾವಿರಾರು ಹೊಲಿಗೆಗಳು ಬೇಕು. ಬೆನ್ನು ಬಾಗಿಸಿ ಅನೇಕ ದಿನ ಕೂರಬೇಕು. ಬಟ್ಟೆ ಹಳೆಯದು, ದುಡಿಮೆ ಹಳೆಯದಲ್ಲ. ದಿನಗಳನ್ನು ಎಣಿಸಿ ಕೂಲಿ ಗೊತ್ತುಮಾಡುವುದೇ ನ್ಯಾಯ.

ಮುಂದಿನ ಸಲ ಪಾತ್ರೆಯವಳು ಬಾಗಿಲಲ್ಲಿ ಕೂಗಿದಾಗ ಅವಳನ್ನು ಒಂದು ಗಳಿಗೆ ನಿಲ್ಲಿಸಿ, ಸೀರೆಯನ್ನು ಕಿಟಕಿಯ ಬಳಿ ಬಿಡಿಸಿ ನೋಡಿರಿ. ಸವೆದು ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಕಾಣುತ್ತದೆ. ಕೊಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಆಮೇಲೆ ನಿರ್ಧರಿಸಬಹುದು.