ದಿನಕ್ಕೊಂದೇ ಚಿತ್ರ

ಮೊಬೈಲ್ ಕೈಗೆ ಬಂದ ಮೇಲೆ ಛಾಯಾಚಿತ್ರ ತೆಗೆಯುವುದು ಬಲು ಸಲೀಸಾಗಿದೆ. ತೆಗೆದದ್ದನ್ನು ಮತ್ತೆ ನೋಡುವವರು ಮಾತ್ರ ವಿರಳ.

ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಹಿಡಿದ ಹಾದಿ ಬೇರೆ. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1979ರ ಮಾರ್ಚ್ 31ರಂದು, ಪೋಲರಾಯ್ಡ್ ಕ್ಯಾಮೆರಾದಿಂದ ಆರಂಭವಾದ ಅಭ್ಯಾಸ ಕ್ರಮೇಣ ವ್ರತವಾಯಿತು: ದಿನಕ್ಕೊಂದೇ ಚಿತ್ರ. ಆ ಫಿಲ್ಮಿಗೆ ನೆಗೆಟಿವ್ ಇರಲಿಲ್ಲ. ಪ್ರತಿ ಚಿತ್ರಕ್ಕೂ ಹಣ ತೆರಬೇಕಿತ್ತು. ಹೀಗಾಗಿ ದಿನದ ಯಾವ ಕ್ಷಣ ಉಳಿಯಬೇಕೆಂಬುದನ್ನು ಅವರು ಆಯಲೇಬೇಕಿತ್ತು. ಗೆಳೆಯರು, ಊಟದ ಮೇಜು, ಬೇಸ್‌ಬಾಲ್ ಮೈದಾನ, ಕೊನೆಗೆ ಆಸ್ಪತ್ರೆಯ ಹಾಸಿಗೆ, ಎಲ್ಲವೂ ಅಲ್ಲಿ ದಾಖಲಾದವು. 1997ರ ಅಕ್ಟೋಬರ್ 25ರಂದು, ತಮ್ಮ 41ನೆಯ ಹುಟ್ಟುಹಬ್ಬದಂದೇ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟರಲ್ಲಿ 6,000ಕ್ಕೂ ಹೆಚ್ಚು ಚಿತ್ರಗಳು ಕೂಡಿದ್ದವು. 2007ರಲ್ಲಿ ಗೆಳೆಯರು ಅವನ್ನು ಬಾರ್ಡ್ ಕಾಲೇಜಿನಲ್ಲೇ ಪ್ರದರ್ಶಿಸಿದರು.

ಬಿಡಿಯಾಗಿ ನೋಡಿದರೆ ಅವುಗಳಲ್ಲಿ ಹಲವು ಸಾಧಾರಣ; ಸಾಲಾಗಿ ನೋಡಿದರೆ ಇಡೀ ಒಂದು ಬಾಳು. ಹವ್ಯಾಸಿಗಳು ಗಮನಿಸಬೇಕಾದದ್ದು ಇದನ್ನೇ. ನೂರು ಚಿತ್ರ ತೆಗೆಯುವವನಿಗೆ ಆಯ್ಕೆಯ ಹೊಣೆಯಿಲ್ಲ. ಒಂದನ್ನೇ ತೆಗೆಯುವವನು ದಿನವಿಡೀ ಕಣ್ಣು ತೆರೆದಿರಬೇಕಾಗುತ್ತದೆ. ವಿಶೇಷವೇನೂ ನಡೆಯಲಿಲ್ಲವೆಂದು ನಾವು ಮರೆತುಬಿಡುವ ದಿನಗಳೇ ಆಯುಷ್ಯದ ಬಹುಪಾಲು. ಅವಕ್ಕೂ ಒಂದು ಚಿತ್ರ ಸಲ್ಲಬೇಕು.