ಹನಿಸಕಲ್ ಕುಟುಂಬದ ಸಸ್ಯಗಳ ಲಕ್ಷಣನಿರ್ಣಯ

ತೇದಿಯಿಲ್ಲದ ಶಾಸನವೊಂದು ದೊರೆತಾಗ ಅಕ್ಷರಗಳ ಆಕಾರವನ್ನು ನೋಡಿ ಅದರ ಕಾಲವನ್ನು ನಿರ್ಣಯಿಸುವ ಕ್ರಮ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಒಂದೇ ಅಕ್ಷರವನ್ನು ನೆಚ್ಚಿದವನು ಶತಮಾನಗಳ ಅಂತರದಲ್ಲಿ ತಪ್ಪುವುದುಂಟು. ಸಸ್ಯಗಳ ಕುಟುಂಬವನ್ನು ನಿರ್ಣಯಿಸುವವರ ಮುಂದೆಯೂ ಇದೇ ಬಗೆಯ ತೊಡಕು ಇದೆ. ನಾವು ಸಸ್ಯಶಾಸ್ತ್ರಜ್ಞರಲ್ಲ, ಆದರೆ ಯಾವ ಲಕ್ಷಣವನ್ನು ಸಾಕ್ಷ್ಯವೆಂದು ಮನ್ನಿಸಬೇಕು, ಯಾವುದನ್ನು ಬದಿಗಿಡಬೇಕು ಎಂಬ ಪ್ರಶ್ನೆ ಎರಡು ಶಾಸ್ತ್ರಗಳಿಗೂ ಸಮಾನವಾದುದು. ಈ ಪ್ರಶ್ನೆಯ ಚರಿತ್ರೆಯನ್ನು ಹನಿಸಕಲ್ ಕುಟುಂಬದ, ಎಂದರೆ ಕ್ಯಾಪ್ರಿಫೋಲಿಯೇಸಿಯ, ನಿದರ್ಶನದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮುಖ್ಯ ಲಕ್ಷಣಗಳು

ಈ ಕುಟುಂಬದಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಉತ್ತರಾರ್ಧಗೋಳದ ಸಮಶೀತೋಷ್ಣ ಪ್ರದೇಶಗಳಲ್ಲಿ ಬೆಳೆಯುತ್ತವೆ. ಇವುಗಳಲ್ಲಿ ಪೊದೆಗಳೂ ಬಳ್ಳಿಗಳೂ ಮೂಲಿಕೆಗಳೂ ಉಂಟಾದುದರಿಂದ ಗಿಡದ ಒಟ್ಟು ರೂಪದಿಂದ ಏನನ್ನೂ ಹೇಳಲಾಗದು. ಗಮನಿಸಬೇಕಾದ ಲಕ್ಷಣಗಳು ನಾಲ್ಕು. ಮೊದಲನೆಯದಾಗಿ, ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಸಿರುತ್ತವೆ. ಎರಡನೆಯದಾಗಿ, ಎಲೆಯ ತೊಟ್ಟಿನ ಬುಡದಲ್ಲಿ ಕಾವಿನೆಲೆಗಳು ಸಾಮಾನ್ಯವಾಗಿ ಇರುವುದಿಲ್ಲ. ಮೂರನೆಯದಾಗಿ, ದಳಗಳು ಬೇರೆಬೇರೆಯಾಗಿರದೆ ಕೂಡಿ ಕೊಳವೆಯಾಗಿರುತ್ತವೆ. ಅನೇಕ ವೇಳೆ ಕೊಳವೆಯ ಬಾಯಿ ಎರಡು ತುಟಿಗಳಂತೆ ಸೀಳಿರುತ್ತದೆ. ಕೇಸರಗಳು ಈ ಕೊಳವೆಯ ಒಳಮೈಗೆ ಅಂಟಿರುತ್ತವೆ. ನಾಲ್ಕನೆಯದಾಗಿ, ಅಂಡಾಶಯವು ದಳಗಳು ಹುಟ್ಟುವ ಸ್ಥಾನಕ್ಕಿಂತ ಕೆಳಗೆ ಇರುತ್ತದೆ. ಇವುಗಳಲ್ಲಿ ಯಾವ ಒಂದೂ ಈ ಕುಟುಂಬಕ್ಕೆ ಮಾತ್ರ ಮೀಸಲಲ್ಲ. ನಾಲ್ಕೂ ಒಟ್ಟುಗೂಡಿದಲ್ಲಿ ಮಾತ್ರ ನಿರ್ಣಯಕ್ಕೆ ಬಲ ಬರುತ್ತದೆ.

2. ಭ್ರಮೆಗೆ ಎಡೆಗೊಡುವ ಸಸ್ಯಗಳು

ನಮ್ಮ ಪರಿಚಯದ ಗಿಡಗಳೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಮಲ್ಲಿಗೆಗೂ ಅಭಿಮುಖವಾದ ಎಲೆಗಳಿವೆ, ಕೊಳವೆಯಂಥ ಪರಿಮಳದ ಹೂವಿದೆ. ಆದರೆ ಅದರಲ್ಲಿ ಕೇಸರಗಳು ಎರಡೇ. ಅಂಡಾಶಯವೂ ದಳಗಳ ಬುಡಕ್ಕಿಂತ ಮೇಲಿದೆ. ತೋಟಗಳ ಕಮಾನಿಗೆ ಹಬ್ಬಿಸುವ ರಂಗೂನ್ ಬಳ್ಳಿಯ ಹೂ ಬೆಳ್ಳಗೆ ಅರಳಿ ಕ್ರಮೇಣ ಕೆಂಪಾಗುತ್ತದೆ. ಜಪಾನಿ ಹನಿಸಕಲ್ಲಿನ ಹೂ ಬೆಳ್ಳಗೆ ಅರಳಿ ಹಳದಿಯಾಗುತ್ತದೆ. ಈ ಸಾಮ್ಯ ಮೇಲುನೋಟದ್ದು. ರಂಗೂನ್ ಬಳ್ಳಿಯ ಐದು ದಳಗಳನ್ನು ಒಂದೊಂದಾಗಿ ಬಿಡಿಸಬಹುದು, ಕೇಸರಗಳು ಹತ್ತು.

ಎಲ್ಲಕ್ಕಿಂತ ಸಮೀಪದ ಹೋಲಿಕೆ ಕಾಫಿ ಗಿಡದ್ದು. ಅದರ ಎಲೆಗಳು ಅಭಿಮುಖ, ದಳಗಳು ಕೂಡಿಕೊಂಡಿವೆ, ಅಂಡಾಶಯ ಕೆಳಗಿದೆ. ಹೀಗೆ ಮೂರು ಲಕ್ಷಣಗಳು ಒಪ್ಪಿದರೂ ನಾಲ್ಕನೆಯದು ಒಪ್ಪುವುದಿಲ್ಲ. ಕಾಫಿಯ ಎಳೆಯ ರೆಂಬೆಯಲ್ಲಿ ಎದುರುಬದುರಾದ ಎರಡು ತೊಟ್ಟುಗಳ ನಡುವೆ ಚೂಪಾದ ತ್ರಿಕೋನಾಕಾರದ ಕಾವಿನೆಲೆ ಕಾಣುತ್ತದೆ. ಕೇಪಳದಲ್ಲಿಯೂ ಹಾಗೆಯೇ. ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ಕಾಫಿಯ ಕುಟುಂಬವನ್ನೂ ಹನಿಸಕಲ್ ಕುಟುಂಬವನ್ನೂ ಒಂದೇ ಗಣದಲ್ಲಿ ಇರಿಸಿದುದಕ್ಕೆ ಈ ಸಾಮ್ಯವೇ ಆಧಾರ. ಇಂದು ಅವೆರಡೂ ಬೇರೆ ಬೇರೆ ಗಣಗಳಲ್ಲಿವೆ.

3. ಲಿನೇಯಸ್ ಮತ್ತು ಜಸ್ಸಿಯು

ಸ್ವೀಡನ್ನಿನ ಲಿನೇಯಸ್ ಸಸ್ಯಗಳನ್ನು ಮುಖ್ಯವಾಗಿ ಕೇಸರಗಳ ಸಂಖ್ಯೆ ಮತ್ತು ಸ್ವರೂಪಗಳಿಂದ ವರ್ಗೀಕರಿಸಿದನು. ಕ್ರಮ ಸುಲಭವಾದುದು, ಎಣಿಸಬಲ್ಲವನಿಗೆ ಸಾಕು. ಆದರೆ ಪರಿಣಾಮವೇನು? ಐದು ಕೇಸರಗಳ ಹನಿಸಕಲ್ ಒಂದು ವರ್ಗಕ್ಕೆ ಸೇರಿತು. ಮೂರು ಕೇಸರಗಳ ವಲೇರಿಯಾನ ಮತ್ತೊಂದಕ್ಕೆ, ನಾಲ್ಕು ಸಮನಾದ ಕೇಸರಗಳ ಸ್ಕೇಬಿಯೋಸ ಇನ್ನೊಂದಕ್ಕೆ ಹೋದವು. ಲಿನೇಯಸ್ 1732ರ ಲ್ಯಾಪ್‌ಲ್ಯಾಂಡ್ ಪ್ರವಾಸದಲ್ಲಿ ಕಂಡು ಮೆಚ್ಚಿದ, ಗ್ರೊನೋವಿಯಸ್ ಆತನ ಹೆಸರನ್ನೇ ಇಟ್ಟ ಲಿನೇಯ ಎಂಬ ಪುಟ್ಟ ಗಿಡ ನಾಲ್ಕನೆಯ ವರ್ಗದಲ್ಲಿ ಕುಳಿತಿತು. ಏಕೆಂದರೆ ಅದರ ನಾಲ್ಕು ಕೇಸರಗಳಲ್ಲಿ ಎರಡು ಉದ್ದ, ಎರಡು ಗಿಡ್ಡ. ಈ ನಾಲ್ಕೂ ಒಂದೇ ಕುಟುಂಬದವೆಂದು ಈಗ ಎಣಿಸಲಾಗುತ್ತಿದೆ. ಸಂಖ್ಯೆಯೊಂದನ್ನೇ ನೆಚ್ಚಿದ ಕ್ರಮವು ಬಂಧುಗಳನ್ನು ದೂರಮಾಡಿತು.

1789ರಲ್ಲಿ ಪ್ಯಾರಿಸಿನಲ್ಲಿ ಆಂತ್ವಾನ್ ಲೋರಾನ್ ದ ಜಸ್ಸಿಯು ತನ್ನ ಮಹಾಗ್ರಂಥವನ್ನು ಪ್ರಕಟಿಸಿ ಈ ಕುಟುಂಬಕ್ಕೆ ತಳಹದಿ ಹಾಕಿದನು. ಲಕ್ಷಣಗಳನ್ನು ಎಣಿಸಿದರೆ ಸಾಲದು, ತೂಗಬೇಕು ಎಂಬುದು ಅವನ ತತ್ತ್ವದ ಸಾರ. ಫ್ರಾನ್ಸಿನ ರಾಜ್ಯಕ್ರಾಂತಿಯ ವರ್ಷವನ್ನು ನೆನೆಯುವ ನಾವು ಅದೇ ವರ್ಷದ ಈ ಸದ್ದಿಲ್ಲದ ಪರಿವರ್ತನೆಯನ್ನೂ ನೆನೆಯುವುದು ಉಚಿತ.

4. ಒಳಭೇದಗಳು

ಕುಟುಂಬವು ತಿಳಿದ ಮೇಲೆ ಪ್ರಭೇದವನ್ನು ಗುರುತಿಸುವ ಕೆಲಸ ಉಳಿಯುತ್ತದೆ. ಇಲ್ಲಿನ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. ಪೂರ್ವ ಏಷ್ಯದ ಜಪಾನಿ ಹನಿಸಕಲ್ಲನ್ನು 1806ರಲ್ಲಿ ಅಮೆರಿಕದ ಲಾಂಗ್ ಐಲೆಂಡಿಗೆ ತಂದರು. ಅದು ತೋಟದಿಂದ ಕಾಡಿಗೆ ಹಬ್ಬಿ ಸ್ಥಳೀಯ ಸಸ್ಯಗಳನ್ನು ಮುಚ್ಚಿ ಬೆಳೆಯತೊಡಗಿತು. ಅದನ್ನು ಕಿತ್ತುಹಾಕುವವರು ಅಲ್ಲಿಯದೇ ಆದ ತುತ್ತೂರಿ ಹನಿಸಕಲ್ಲನ್ನೂ ಕೀಳುವ ಅಪಾಯವುಂಟು. ಭೇದವನ್ನು ಹೀಗೆ ತಿಳಿಯಬೇಕು: ತುತ್ತೂರಿ ಹನಿಸಕಲ್ಲಿನಲ್ಲಿ ಹೂಗೊಂಚಲಿನ ಕೆಳಗಿನ ಎಲೆಜೋಡಿ ಕೂಡಿಕೊಂಡು ಕಾಂಡವು ಒಂದೇ ಎಲೆಯನ್ನು ತೂರಿಬಂದಂತೆ ಕಾಣುತ್ತದೆ, ಹೂ ಕೆಂಪು, ಹಣ್ಣೂ ಕೆಂಪು. ಜಪಾನಿನದರಲ್ಲಿ ಎಲೆಗಳು ಕೂಡಿಕೊಂಡಿಲ್ಲ, ಹೂಗಳು ಎಲೆಯ ಕಂಕುಳಲ್ಲಿ ಜೋಡಿಯಾಗಿ ಬರುತ್ತವೆ, ಹಣ್ಣು ಕಪ್ಪು. ಹೂವೂ ಹಣ್ಣೂ ಇಲ್ಲದ ಕಾಲದಲ್ಲಿ ಪೊದೆಜಾತಿಗಳ ರೆಂಬೆಯನ್ನು ಅಡ್ಡಲಾಗಿ ಕೊಯ್ದು ನೋಡುವುದುಂಟು. ಏಷ್ಯದಿಂದ ಹೋಗಿ ಅಲ್ಲಿ ಹಬ್ಬಿರುವ ಮಾಕಿ, ಟಾರ್ಟರಿ ಮೊದಲಾದ ಪ್ರಭೇದಗಳಲ್ಲಿ ನಡುತಿರುಳು ಟೊಳ್ಳು. ಅಲ್ಲಿಯ ಕೆನಡಾ ಹನಿಸಕಲ್ಲಿನಲ್ಲಿ ಗಟ್ಟಿ.

ದಕ್ಷಿಣ ಭಾರತಕ್ಕೂ ಈ ಜಾತಿ ಹೊರಗಿನದಲ್ಲ. ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಒಂದು ಪ್ರಭೇದಕ್ಕೆ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿ ಸಸ್ಯಗಳನ್ನು ಸಂಗ್ರಹಿಸಿದ ಫ್ರೆಂಚ್ ವಿದ್ವಾಂಸ ಲೆಶೆನೊನ ಹೆಸರಿದೆ.

5. ಇತ್ತೀಚಿನ ಪರಿಷ್ಕರಣ

ಬಹುಕಾಲ ಇದೇ ಕುಟುಂಬದಲ್ಲಿದ್ದ ಸಾಂಬುಕಸ್ ಮತ್ತು ವೈಬರ್ನಮ್ ಜಾತಿಗಳು ಈಗ ಹೊರಬಿದ್ದಿವೆ. ಅವುಗಳ ಹೂಗಳು ಚಿಕ್ಕವು, ಚಕ್ರದಂತೆ ಎಲ್ಲ ಕಡೆಗೂ ಸಮನಾದವು. ಶಲಾಕೆ ಬಹಳ ಗಿಡ್ಡ. ಹನಿಸಕಲ್ಲಿನದು ನೀಳವಾದ ಶಲಾಕೆ, ತುದಿಯಲ್ಲಿ ಗುಂಡು. ಈ ಭೇದವು ಹಿಂದಿನವರ ಕಣ್ಣಿಗೆ ಬೀಳದೆ ಇರಲಿಲ್ಲ. ಅದಕ್ಕೆ ಕೊಡಬೇಕಾದ ತೂಕ ಎಷ್ಟೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. ವಂಶವಾಹಿಗಳ ಪರೀಕ್ಷೆ ಅದನ್ನು ನಿಶ್ಚಯಪಡಿಸಿತು. 1998ರ ವರ್ಗೀಕರಣದಲ್ಲಿ ಅವು ಬೇರೆ ಕುಟುಂಬಕ್ಕೆ ಸೇರಿದವು. 2009ರದರಲ್ಲಿ ವಲೇರಿಯಾನ, ಸ್ಕೇಬಿಯೋಸಗಳ ಕುಟುಂಬಗಳು ಇದರಲ್ಲಿ ಲೀನವಾದವು.

ಆದುದರಿಂದ ಹಳೆಯ ಪಠ್ಯಗ್ರಂಥವನ್ನು ಹಿಡಿದು ಗಿಡವನ್ನು ಗುರುತಿಸುವ ವಿದ್ಯಾರ್ಥಿಯು ಗ್ರಂಥದ ವರ್ಷವನ್ನು ಮೊದಲು ನೋಡತಕ್ಕದ್ದು. ಅಲ್ಲಿಯ ಲಕ್ಷಣವರ್ಣನೆ ಇಂದಿಗೂ ಸತ್ಯ, ಏಕೆಂದರೆ ಅದು ಕಣ್ಣಾರೆ ಕಂಡುದು. ಬದಲಾಗಿರುವುದು ಅದರಿಂದ ತೆಗೆದ ತೀರ್ಮಾನ. ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆದಿಡುವ ಅಭ್ಯಾಸವು ಶಾಸನವನ್ನು ಓದುವವರಿಗೆ ಎಷ್ಟು ಅವಶ್ಯಕವೋ ಸಸ್ಯವನ್ನು ಓದುವವರಿಗೂ ಅಷ್ಟೇ ಅವಶ್ಯಕ.