ಕಾಲಡಿಯ ಬಿಸಿಗೆ ಗಡಿಯಾರದ ಕಾವಲು

ಡಿಸೆಂಬರ್ ತಿಂಗಳ ಬೆಳಗಿನ ಜಾವ ಹಾಸಿಗೆಯಿಂದೆದ್ದು ಬರಿಗಾಲನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲೇ ಹಾಸಿದ ಚಾಪೆಯ ಮೇಲೆ ಕಾಲಿಟ್ಟರೆ ಅಷ್ಟೊಂದು ಚಳಿ ಎನಿಸುವುದಿಲ್ಲ. ವಿಚಿತ್ರವೆಂದರೆ ಎರಡರ ಉಷ್ಣತೆಯೂ ಒಂದೇ! ಸಿಮೆಂಟು ಚಾಪೆಗಿಂತ ಉತ್ತಮ ಉಷ್ಣವಾಹಕ. ಪಾದದ ಶಾಖವನ್ನು ಅದು ಬೇಗ ಬೇಗ ಎಳೆದುಕೊಳ್ಳುತ್ತದೆ, ಅಷ್ಟೆ.

ನಮ್ಮಲ್ಲಿ ಇದು ಒಂದೆರಡು ತಿಂಗಳ ಮಾತು. ಬ್ರಿಟನ್ನಿನಂಥ ಶೀತದೇಶದಲ್ಲಿ ವರ್ಷದಲ್ಲಿ ಹಲವು ತಿಂಗಳು ಇದೇ ಪಾಡು. ಅದಕ್ಕಾಗಿ ಅಲ್ಲಿನ ಅನೇಕ ಮನೆಗಳಲ್ಲಿ ನೆಲದ ಹಾಸಿನ ಕೆಳಗೆ ವಿದ್ಯುತ್ ಕೇಬಲ್ ಹುದುಗಿಸಿ ನೆಲವನ್ನೇ ಬೆಚ್ಚಗೆ ಮಾಡುತ್ತಾರೆ. ಆ ಕೇಬಲ್ಲಿಗೆ ಯಾವಾಗ ವಿದ್ಯುತ್ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಟೈಮರ್ ಎಂಬ ಪುಟ್ಟ ಗಡಿಯಾರ. ಅದನ್ನು ಜೋಡಿಸುವ ಕ್ರಮಕ್ಕೆ ಹೈಸ್ಕೂಲಿನ ಭೌತಶಾಸ್ತ್ರವೇ ಆಧಾರ. ಆ ಪಾಠ ಮರೆತು ಜೋಡಿಸಿದರೆ ಬೆಂಕಿಯ ಅಪಾಯ.

ಹಳೆಯ ಉಪಾಯ, ಹೊಸ ತಂತಿ

ನೆಲ ಬಿಸಿ ಮಾಡುವ ಉಪಾಯ ಹೊಸದೇನಲ್ಲ. ಪ್ರಾಚೀನ ರೋಮನ್ನರು ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಕುಲುಮೆಯ ಬಿಸಿಗಾಳಿ ಹರಿಸುತ್ತಿದ್ದರು. ಕೊರಿಯಾದ ‘ಒಂಡೋಲ್’ ಪದ್ಧತಿಯಲ್ಲಿ ಅಡುಗೆ ಒಲೆಯ ಹೊಗೆ ಮಲಗುವ ಕೋಣೆಯ ನೆಲದಡಿಯ ಕಾಲುವೆಗಳಲ್ಲಿ ಹಾದು ಹೋಗುತ್ತಿತ್ತು.

ವಿದ್ಯುತ್ತಿನ ಕಾಲದಲ್ಲಿ ಹೊಗೆಯ ಜಾಗಕ್ಕೆ ತಂತಿ ಬಂತು. ಬ್ರಿಟನ್ನಿನಲ್ಲಿ 1978ರಲ್ಲಿ ‘ಎಕಾನಮಿ 7’ ಎಂಬ ದರ ಜಾರಿಗೆ ಬಂದಿತು. ರಾತ್ರಿಯ ಏಳು ಗಂಟೆಗಳ ಕಾಲ ವಿದ್ಯುತ್ ಅಗ್ಗ. ಆಗ ಕಾಂಕ್ರೀಟನ್ನು ಕಾಯಿಸಿಟ್ಟುಕೊಂಡರೆ ಹಗಲಿನಲ್ಲಿ ಅದು ನಿಧಾನವಾಗಿ ಶಾಖ ಬಿಡುತ್ತದೆ. ಆದರೆ ನಡುರಾತ್ರಿ ಎದ್ದು ಸ್ವಿಚ್ ಹಾಕುವವರು ಯಾರು? ಆ ಕೆಲಸಕ್ಕೆ ಟೈಮರ್ ಬೇಕು.

ಮುಂಚೆಯೇ ಏಳುವ ಗಡಿಯಾರ

20 ಚದರ ಮೀಟರ್ ವಿಸ್ತಾರದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಕೇಬಲ್ ಹುದುಗಿರುವ ಗಾರೆಯ ದಪ್ಪ 5 ಸೆಂಟಿಮೀಟರ್. ಅಂದರೆ ಒಂದು ಘನಮೀಟರ್ ಗಾರೆ. ತೂಕ ಸುಮಾರು 2,000 ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾರೆಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 900 ಜೌಲ್ ಬೇಕು. ಇಡೀ ನೆಲವನ್ನು 8 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 1 ಕೋಟಿ 44 ಲಕ್ಷ ಜೌಲ್, ಅಂದರೆ 4 ಯೂನಿಟ್ ವಿದ್ಯುತ್.

ಇಂಥ ಕೇಬಲ್ಲುಗಳ ಸಾಮರ್ಥ್ಯ ಸಾಮಾನ್ಯವಾಗಿ ಚದರ ಮೀಟರಿಗೆ 150 ವ್ಯಾಟ್. ಈ ಕೋಣೆಗೆ 3,000 ವ್ಯಾಟ್ ಆಯಿತು. 4 ಯೂನಿಟ್ ತುಂಬಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಶಾಖ ಅತ್ತಿತ್ತ ಸೋರುವುದರಿಂದ ಇನ್ನೂ ಹೆಚ್ಚೇ. ಆರು ಗಂಟೆಗೆ ಏಳುವವರು ಆರಕ್ಕೇ ಸ್ವಿಚ್ ಹಾಕಿದರೆ, ನೆಲ ಬೆಚ್ಚಗಾಗುವ ಹೊತ್ತಿಗೆ ಅವರು ಮನೆಯಲ್ಲೇ ಇರುವುದಿಲ್ಲ!

ಇಬ್ಬರ ಒಪ್ಪಿಗೆ

ಟೈಮರಿಗೆ ಹೊತ್ತು ಗೊತ್ತು, ಬಿಸಿ ಗೊತ್ತಿಲ್ಲ. ಆದ್ದರಿಂದ ಜೊತೆಗೆ ಥರ್ಮೋಸ್ಟಾಟ್ ಇರಲೇಬೇಕು. ಅದರ ಸಂವೇದಕವನ್ನು ಎರಡು ಕೇಬಲ್ ಸಾಲುಗಳ ನಡುವೆ ಒಂದು ಕೊಳವೆಯೊಳಗೆ ಇಡುತ್ತಾರೆ; ಮುಂದೆ ಕೆಟ್ಟರೆ ನೆಲ ಅಗೆಯದೆ ಹೊರಗೆಳೆಯಬಹುದು. ಮರದ ನೆಲವಾದರೆ ಉಷ್ಣತೆ ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತಾರೆ.

ಟೈಮರ್ ಮತ್ತು ಥರ್ಮೋಸ್ಟಾಟ್ ಎರಡನ್ನೂ ಸರಣಿಯಲ್ಲಿ ಜೋಡಿಸಬೇಕು. ಆಗ ‘ಹೊತ್ತಾಗಿದೆ’ ಎಂದು ಒಂದು, ‘ಬಿಸಿ ಸಾಲದು’ ಎಂದು ಇನ್ನೊಂದು ಒಪ್ಪಿದರೆ ಮಾತ್ರ ವಿದ್ಯುತ್ ಹರಿಯುತ್ತದೆ. ತಪ್ಪಿ ಸಮಾಂತರವಾಗಿ ಜೋಡಿಸಿದರೆ ಯಾವುದಾದರೂ ಒಂದು ಒಪ್ಪಿದರೂ ಸಾಕು, ನೆಲ ಕಾಯುತ್ತಲೇ ಇರುತ್ತದೆ.

ಆಜ್ಞೆ ಬೇರೆ, ಹೊರೆ ಬೇರೆ

3,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ನೆಲ ಕಾಯಿಸಲೆಂದೇ ತಯಾರಾದ ಥರ್ಮೋಸ್ಟಾಟ್‌ಗಳು ಸಾಮಾನ್ಯವಾಗಿ 16 ಆಂಪಿಯರ್ ತಾಳುತ್ತವೆ. ಆದರೆ ಬಾಯ್ಲರ್ ನಡೆಸಲು ಮಾಡಿದ ಅನೇಕ ಟೈಮರುಗಳ ಸಂಪರ್ಕಬಿಂದುಗಳು ತಾಳುವುದು ಕೆಲವೇ ಆಂಪಿಯರ್. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಪೆಟ್ಟಿಗೆಗಳು. ಬೆನ್ನ ಮೇಲೆ ಬರೆದ ಅಂಕಿಯನ್ನು ಓದದವನು ಇಲ್ಲಿಯೇ ಎಡವುತ್ತಾನೆ.

ಕರಕಲಾದ ಅಥವಾ ಸಡಿಲವಾದ ಒಂದು ಸಂಪರ್ಕದಲ್ಲಿ ಕೇವಲ 0.1 ಓಮ್ ರೋಧವಿದೆ ಎನ್ನಿ. 13 ಆಂಪಿಯರ್ ಹರಿದಾಗ, ಜೌಲನ ನಿಯಮದಂತೆ, ಅಲ್ಲಿ ಹುಟ್ಟುವ ಶಾಖ ಸುಮಾರು 17 ವ್ಯಾಟ್. ರೇಡಿಯೋ ರಿಪೇರಿಯವರು ಬಳಸುವ ಚಿಕ್ಕ ಬೆಸುಗೆ ಕಡ್ಡಿಯ ಬಿಸಿಗೆ ಇದು ಬಹಳ ದೂರವಿಲ್ಲ. ಅಂಥ ಕಡ್ಡಿಯೊಂದು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಉರಿದರೆ ಏನಾದೀತು?

ಪರಿಹಾರ ಸರಳ. ಟೈಮರ್ ಹೊರೆಯನ್ನು ಹೊರಬಾರದು, ಆಜ್ಞೆಯನ್ನಷ್ಟೇ ಕೊಡಬೇಕು. ನಡುವೆ ‘ಕಾಂಟ್ಯಾಕ್ಟರ್’ ಎಂಬ ಸಾಧನವಿಡುತ್ತಾರೆ. ಟೈಮರಿನ ಮೂಲಕ ಬರುವ ಅಲ್ಪ ವಿದ್ಯುತ್ ಅದರ ಸುರುಳಿಯನ್ನು ವಿದ್ಯುತ್ಕಾಂತವಾಗಿಸುತ್ತದೆ. ಆ ಕಾಂತ ದಪ್ಪ ಸಂಪರ್ಕಗಳನ್ನು ಎಳೆದು ಮುಚ್ಚುತ್ತದೆ. ನಮ್ಮ ರೈತರಿಗೆ ಇದು ಅಪರಿಚಿತವಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತಿದಾಗ ‘ಟಕ್’ ಎಂದು ಸದ್ದು ಮಾಡುವುದು ಇದೇ ಕಾಂಟ್ಯಾಕ್ಟರ್.

ಕತ್ತರಿ ಹಾಕಬೇಡಿ

ಕೇಬಲ್ ಉದ್ದವಾಯಿತೆಂದು ಅರ್ಧಕ್ಕೆ ಕತ್ತರಿಸಿದರೆ? ರೋಧ ಅರ್ಧವಾಗುತ್ತದೆ, ವಿದ್ಯುತ್ ಪ್ರವಾಹ ಎರಡರಷ್ಟಾಗುತ್ತದೆ, ಒಟ್ಟು ಶಾಖವೂ ಇಮ್ಮಡಿಯಾಗುತ್ತದೆ. ಆ ಇಮ್ಮಡಿ ಶಾಖ ಅರ್ಧ ಉದ್ದದಲ್ಲೇ ಹಂಚಿಕೆಯಾಗಬೇಕು. ಹೀಗಾಗಿ ಪ್ರತಿ ಮೀಟರ್ ಕೇಬಲ್ಲಿನ ಬಿಸಿ ನಾಲ್ಕರಷ್ಟು! ಓಮ್ ನಿಯಮದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅನುಭವಿ ಎಲೆಕ್ಟ್ರಿಷಿಯನ್ ಕೇಬಲ್ಲಿನ ರೋಧವನ್ನು ಮೂರು ಸಲ ಅಳೆಯುತ್ತಾನೆ: ಹಾಸುವ ಮೊದಲು, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ. 600 ವ್ಯಾಟಿನ ಕೇಬಲ್ಲಾದರೆ ಸುಮಾರು 88 ಓಮ್ ಬರಬೇಕು. ಅಂಕಿ ಬದಲಾದರೆ ಎಲ್ಲೋ ಪೆಟ್ಟಾಗಿದೆ ಎಂದೇ ಅರ್ಥ.

ಒದ್ದೆಗಾಲಿನ ಕೆಳಗೆ

ಸ್ನಾನದ ಮನೆಯಲ್ಲಿ ಒದ್ದೆಗಾಲು, ಅದರಡಿಯಲ್ಲೇ 230 ವೋಲ್ಟ್. ಆದ್ದರಿಂದ ಬ್ರಿಟನ್ನಿನ ನಿಯಮಗಳು ಈ ಸರ್ಕಿಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ ಕಡ್ಡಾಯ ಮಾಡಿವೆ. ನಮ್ಮ ಅಂಗಡಿಗಳಲ್ಲಿ ಇದನ್ನು ಆರ್‌ಸಿಸಿಬಿ ಎನ್ನುತ್ತಾರೆ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಲೆಕ್ಕ ತಾಳೆಯಾಗದಿದ್ದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿದುಹಾಕುತ್ತದೆ. ಕೇಬಲ್ಲಿನ ಲೋಹದ ಹೊದಿಕೆಯನ್ನು ಅರ್ತಿಂಗಿಗೆ ಸೇರಿಸಿರಬೇಕು. ಟೈಮರ್ ಮತ್ತು ಥರ್ಮೋಸ್ಟಾಟ್ ನೀರು ಸಿಡಿಯದ ಜಾಗದಲ್ಲಿರಬೇಕು; ಸಾಮಾನ್ಯವಾಗಿ ಅವನ್ನು ಸ್ನಾನದ ಮನೆಯ ಹೊರಗೋಡೆಯ ಮೇಲೆ ಕೂರಿಸುತ್ತಾರೆ. ಜೋಡಿಸುವ ಕೆಲಸ ಮಾತ್ರ ಬಲ್ಲ ಎಲೆಕ್ಟ್ರಿಷಿಯನ್ನನದೇ.

ನಮ್ಮ ಮನೆಯ ಪಾಠ

ನಮ್ಮ ಮನೆಗಳಲ್ಲಿ ನೆಲ ಕಾಯಿಸುವ ತಂತಿ ಇಲ್ಲದಿರಬಹುದು, ಗೀಸರ್ ಇದೆಯಲ್ಲ? 3,000 ವ್ಯಾಟಿನ ಗೀಸರಿಗೂ ಅದೇ 13 ಆಂಪಿಯರ್. ಬೆಳಿಗ್ಗೆ ಶಾಲೆಗೆ ಹೊರಡುವ ಮಕ್ಕಳಿಗೆ ಬಿಸಿನೀರು ಸಿದ್ಧವಿರಲೆಂದು ಅದಕ್ಕೂ ಟೈಮರ್ ಸಿಕ್ಕಿಸುವ ಮನೆಗಳಿವೆ. ಸಿಕ್ಕಿಸುವ ಮೊದಲು ಟೈಮರಿನ ಮೇಲೆ ಬರೆದ ಆಂಪಿಯರನ್ನು ಓದಬೇಕು. 6 ಆಂಪಿಯರಿನದನ್ನು ಗೀಸರಿಗೆ ಹಾಕಲೇಬಾರದು. ಪ್ಲಗ್ಗು ಮುಟ್ಟಿದರೆ ಬಿಸಿ ಎನಿಸಿದರೂ, ಸುಟ್ಟ ವಾಸನೆ ಬಂದರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು.

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಈ ಲೆಕ್ಕವನ್ನು ಹತ್ತನೆಯ ತರಗತಿಯ ಮಗಳು ಗೀಸರಿನ ಮೇಲಿನ ಅಂಕಿ ನೋಡಿ ಅಪ್ಪನಿಗೆ ಮಾಡಿ ತೋರಿಸಲಿ. ಪರೀಕ್ಷೆಯಲ್ಲಿ ಅದಕ್ಕೆ ಒಂದೋ ಎರಡೋ ಅಂಕ. ಮನೆಯಲ್ಲಿ ಅದರ ಬೆಲೆ ಅಷ್ಟಕ್ಕೇ ನಿಲ್ಲುವುದಿಲ್ಲ.